ಅಮೆರಿಕದಲ್ಲಿ ಮನೆ ಹತ್ತಿರದ ಸಲೂನ್‌ಗೆ (ಕ್ಷೌರದಂಗಡಿಯಲ್ಲ, ಬಾರು) ಒಬ್ಬನೇ ಊಟಕ್ಕೆ ಹೋಗಬಹುದಾ? ನಾನು ಸಸ್ಯಾಹಾರಿ, ಕುಡಿದರೆ ಬಿಯರ್ ಮಾತ್ರ. ಅಲ್ಲಿನ ರೀತಿ ರಿವಾಜು ಏನು?

ಧಾರಾಳವಾಗಿ ಹೋಗಿ. ನಾನು ಇಲ್ಲಿ ಹೆಚ್ಚಾಗಿ ಒಬ್ಬನೇ ಹೋಗುವುದು. ಹೋದವರು ಮೂಲೆಯ ಟೇಬಲ್ ಹುಡುಕಬೇಡಿ, ಸೀದಾ ಕೌಂಟರಿನ ಎತ್ತರದ ಸ್ಟೂಲ್ ಮೇಲೆ ಕೂತುಬಿಡಿ. ಇಲ್ಲಿ ಆ ಕೌಂಟರೇ ಊಟದ ಮೇಜು. ತಟ್ಟೆ, ಫೋರ್ಕು, ಕೆಚಪ್ಪು ಎಲ್ಲ ಅಲ್ಲಿಗೇ ಬರುತ್ತವೆ. ಬಾರ್‌ಟೆಂಡರೇ ಸಪ್ಲೈಯರ್, ಅವರೇ ಕ್ಯಾಷಿಯರ್, ಯಾರಾದರೂ ಜಗಳಕ್ಕೆ ನಿಂತರೆ ಪಂಚಾಯ್ತಿ ಮಾಡುವವರೂ ಅವರೇ. ಅವರೊಬ್ಬರ ಹತ್ತಿರ ಸರಿಯಾಗಿದ್ದರೆ ಮಿಕ್ಕಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲ ಸಲ ಶುಕ್ರವಾರ ರಾತ್ರಿ ಬೇಡ. ವಾರದ ನಡುವೆ, ಸಂಜೆ ಆರರ ಒಳಗೆ ಹೋದರೆ ಬಾರ್‌ಟೆಂಡರಿಗೂ ಪುರುಸೊತ್ತು ಇರುತ್ತದೆ. ಬಾರು ನಡುರಾತ್ರಿ ದಾಟಿ ತೆರೆದಿದ್ದರೂ ಅಡುಗೆಮನೆ ಎಷ್ಟೋ ಮೊದಲೇ ಮುಚ್ಚಿರಬಹುದು, ಹಾಗಾಗಿ ಊಟ ಮುಖ್ಯವಾದರೆ ತಡ ಮಾಡಬೇಡಿ. ಖಾಲಿ ಸ್ಟೂಲ್ ಮೇಲೆ ಜಾಕೆಟ್ ಇದ್ದರೆ, ಮುಂದೆ ಅರ್ಧ ಗ್ಲಾಸಿನ ಮೇಲೆ ಕೋಸ್ಟರ್ (ಗ್ಲಾಸಿನ ಅಡಿಗೆ ಇಡುವ ಬಿಲ್ಲೆ) ಮುಚ್ಚಿದ್ದರೆ, ಆ ಜಾಗದವರು ಸಿಗರೇಟಿಗೋ ಬಾತ್‌ರೂಮಿಗೋ ಹೋಗಿದ್ದಾರೆ ಅಂತ ಲೆಕ್ಕ. ನೀವೂ ಹಾಗೇ ಮುಚ್ಚಿಟ್ಟು ಹೋಗಬಹುದು, ಬಾರ್‌ಟೆಂಡರ್ ಗ್ಲಾಸು ಎತ್ತಿಕೊಂಡು ಹೋಗುವುದಿಲ್ಲ.

ಕೂತ ಮೇಲೆ ಕೈ ಬೀಸುವುದು, ದುಡ್ಡು ಆಡಿಸುವುದು, ಚಿಟಿಕೆ ಹೊಡೆಯುವುದು ಯಾವುದೂ ಬೇಡ. ಬಾರ್‌ಟೆಂಡರ್ ನಿಮ್ಮ ಮುಂದೆ ಒಂದು ಕೋಸ್ಟರ್ ಎಸೆದು ಹೋದರೆ ‘ನೋಡಿದೆ, ಬಂದೆ’ ಅಂದಹಾಗೆ. ವಯಸ್ಸು 21 ತುಂಬಿರಲೇಬೇಕು. ತಲೆ ನರೆತವರ ಹತ್ತಿರವೂ ಐಡಿ ಕೇಳುವ ಬಾರುಗಳಿವೆ, ಅದನ್ನು ಅವಮಾನ ಅಂದುಕೊಳ್ಳಬೇಡಿ. ಇಲ್ಲಿನ ಲೈಸೆನ್ಸ್ ಇನ್ನೂ ಆಗಿಲ್ಲದಿದ್ದರೆ ಪಾಸ್‌ಪೋರ್ಟನ್ನೇ ಒಯ್ಯಿರಿ. ಫೋನಿನಲ್ಲಿ ಅದರ ಫೋಟೋ ತೋರಿಸಿದರೆ ಬಹಳ ಕಡೆ ಒಪ್ಪುವುದಿಲ್ಲ.

ಇನ್ನು ಊಟ. ಮೆನುವಿನಲ್ಲಿ ವೆಜ್ ಅಂತ ಕಾಣುವುದೆಲ್ಲ ವೆಜ್ ಅಲ್ಲ. ಫ್ರೆಂಚ್ ಫ್ರೈಸ್, ಆನಿಯನ್ ರಿಂಗ್ಸ್ ಎರಡನ್ನೂ ಚಿಕನ್ ವಿಂಗ್ಸ್ ಕರಿದ ಎಣ್ಣೆಯಲ್ಲೇ ಕರಿಯುವುದು ಮಾಮೂಲು. ಕೆಲವರು ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ‘ಫ್ರೈಯರ್ ಬೇರೆ ಇದೆಯಾ?’ ಅಂತ ಕೇಳಿ, ಅವರಿಗೆ ಈ ಪ್ರಶ್ನೆ ಹೊಸದಲ್ಲ. ಫ್ರೆಂಚ್ ಆನಿಯನ್ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು ಬಿದ್ದಿರುತ್ತದೆ. ಸೀಸರ್ ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಚಿಲಿ ಅಂದರೆ ಮೆಣಸಿನಕಾಯಿಯಲ್ಲ, ಸಾಧಾರಣವಾಗಿ ಕೊಚ್ಚಿದ ಮಾಂಸ ಹಾಕಿ ಬೇಯಿಸಿದ್ದು. ನನ್ನ ಕೇಳಿದರೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಹೇಳಿ. ಹೊರಗೆ ಕೆಂಪಗೆ ಗರಿಗರಿ, ಮುರಿದರೆ ಚೀಸ್ ನೂಲು ನೂಲಾಗಿ ಎಳೆದುಕೊಂಡು ಬರುತ್ತದೆ, ಜತೆಗೆ ಉಪ್ಪು ನೀರಲ್ಲಿ ನೆನೆದ ಸೌತೆಕಾಯಿ. ಅದೂ ಬರ್ಗರ್ ಬೇಯಿಸಿದ ಕಾವಲಿಯ ಮೇಲೇ ಆಗಿರಬಹುದು. ನಿಮ್ಮ ಮಡಿ ಎಷ್ಟು ಗಟ್ಟಿ ಅನ್ನುವುದು ನಿಮಗೇ ಗೊತ್ತು.

ಬಾರಿನ ತಿಂಡಿಗೆಲ್ಲ ಉಪ್ಪು ಜಾಸ್ತಿ ಅನ್ನಿಸಿದರೆ ಅದಕ್ಕೆ ಹಳೆಯ ಚರಿತ್ರೆಯೇ ಇದೆ. ಹತ್ತೊಂಬತ್ತನೇ ಶತಮಾನದ ಸಲೂನುಗಳಲ್ಲಿ ಕುಡಿಯಲು ಏನಾದರೂ ಕೊಂಡವರಿಗೆ ಊಟ ಪುಕ್ಕಟೆ. ಅದರಲ್ಲಿ ಉಪ್ಪು ಹಾಕಿದ ಮಾಂಸ, ಚೀಸ್‌ನಂಥವೇ ಹೆಚ್ಚು, ತಿಂದಷ್ಟೂ ಬಾಯಾರಿಕೆ. ಆಮೇಲೆ 1896ರಲ್ಲಿ ನ್ಯೂಯಾರ್ಕ್ ರಾಜ್ಯ, ಭಾನುವಾರ ಹೋಟೆಲುಗಳು ಮಾತ್ರ, ಅದೂ ಊಟದ ಜತೆ ಮಾತ್ರ ಮದ್ಯ ಕೊಡಬಹುದು ಅಂತ ಕಾನೂನು ತಂದಿತು. ಸಲೂನಿನವರು ಮಹಡಿ ಮೇಲೆ ನಾಲ್ಕು ಗೋಡೆ ಎಬ್ಬಿಸಿ ಹೋಟೆಲ್ ಅಂದರು. ಒಂದೇ ಒಣಕಲು ಸ್ಯಾಂಡ್‌ವಿಚ್ಚನ್ನು ಗಿರಾಕಿಯಿಂದ ಗಿರಾಕಿಗೆ ದಾಟಿಸುತ್ತ ಅದನ್ನೇ ಊಟ ಅಂದರು. ಕಾನೂನಿಗೆ ಚಳ್ಳೆಹಣ್ಣು ತಿನ್ನಿಸುವುದು ನಮಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆ!

ಬಿಯರ್ ವಿಷಯಕ್ಕೆ ಬಂದರೆ, ಮಗ್ಗಿನ ಗಾತ್ರ ನೋಡಿ ಲೆಕ್ಕ ಹಾಕಬೇಡಿ. ಇಲ್ಲಿ ‘ಒಂದು ಡ್ರಿಂಕ್’ ಅಂದರೆ ಶೇ. 5 ಮದ್ಯಸಾರದ ಬಿಯರ್ 355 ಮಿ.ಲೀ. ಆದರೆ ಪೈಂಟ್ 473 ಮಿ.ಲೀ. ಅದರಲ್ಲಿ ಶೇ. 7ರ ಐಪಿಎ (ಕಹಿ ಜಾಸ್ತಿಯಿರುವ ಒಂದು ಬಗೆಯ ಬಿಯರ್) ತುಂಬಿಸಿಕೊಂಡರೆ ಒಂದೇ ಮಗ್ಗಿಗೆ ಹೆಚ್ಚುಕಡಿಮೆ ಎರಡು ಡ್ರಿಂಕ್ ಆಯಿತು. ಕಮ್ಮಿ ಶೇಕಡಾದ್ದು ಏನಿದೆ ಅಂತ ಕೇಳಿ, ರುಚಿ ಗೊತ್ತಿಲ್ಲದಿದ್ದರೆ ನಲ್ಲಿಯಿಂದ ಒಂದು ಗುಟುಕು ಸ್ಯಾಂಪಲ್ ಕೇಳಿದರೂ ಬಹಳ ಕಡೆ ಕೊಡುತ್ತಾರೆ. ವಾಹನ ಓಡಿಸುವವರಿಗೆ ರಕ್ತದಲ್ಲಿ ಮದ್ಯದ ಮಿತಿ ಶೇ. 0.08, ಯೂಟಾದಲ್ಲಿ 0.05. ಬಾರು ಮನೆ ಹತ್ತಿರವೇ ಇದೆಯಲ್ಲ, ನಡೆದೇ ಹೋಗಿ.

ಪಕ್ಕದಲ್ಲಿ ಕೂತವರು ಮಾತಾಡಿಸಿಯೇ ಮಾತಾಡಿಸುತ್ತಾರೆ. ಟಿವಿಯಲ್ಲಿ ಓಡುತ್ತಿರುವ ಆಟ ಅರ್ಥವಾಗದಿದ್ದರೆ ಹಾಗಂತ ಹೇಳಿ. ಅದನ್ನು ವಿವರಿಸಿ ಹೇಳುವುದೆಂದರೆ ಇವರಿಗೆ ಎಲ್ಲಿಲ್ಲದ ಉತ್ಸಾಹ. ನಿಮ್ಮ ಮುಂದೆ ಯಾರೋ ಖಾಲಿ ಪುಟ್ಟ ಗ್ಲಾಸ್ ಬೋರಲು ಹಾಕಿದರೆ ಗಾಬರಿ ಬೇಡ. ನಿಮ್ಮ ಮುಂದಿನ ಡ್ರಿಂಕಿನ ದುಡ್ಡು ಬೇರೆ ಯಾರೋ ಕೊಟ್ಟಿದ್ದಾರೆ, ಇಲ್ಲವೇ ಬಾರಿನವರದೇ ಲೆಕ್ಕ. ಬೇಡವೆನಿಸಿದರೆ ಥ್ಯಾಂಕ್ಸ್ ಹೇಳಿ ಸಾಕು ಅಂದರೆ ಮುಗಿಯಿತು.

ಟಿಪ್ಸ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಕೇಂದ್ರದ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಅಲ್ಲಾಡಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕು, ಆದರೂ ಟಿಪ್ಸ್ ಕೊಡುವ ರೂಢಿ ಹಾಗೇ ಇದೆ. ಬರೀ ಬಿಯರ್ ಆದರೆ ಗ್ಲಾಸಿಗೆ ಒಂದೆರಡು ಡಾಲರ್, ಊಟವೂ ಸೇರಿದರೆ ಬಿಲ್ಲಿನ ಶೇ. 18–20. ಪುಕ್ಕಟೆ ಬಂದ ಗ್ಲಾಸಿಗೂ ಸೇರಿಸಿಯೇ ಕೊಡಿ.

ಮೊದಲ ಬಿಯರಿನ ಜತೆಗೇ ‘ಓಪನ್ ಆರ್ ಕ್ಲೋಸ್ಡ್?’ ಅನ್ನುತ್ತಾರೆ. ಓಪನ್ ಅಂದರೆ ಕಾರ್ಡ್ ಅವರ ಹತ್ತಿರವೇ ಇರುತ್ತದೆ, ಅಥವಾ ಒಮ್ಮೆ ಉಜ್ಜಿ ವಾಪಸ್ ಕೊಡುತ್ತಾರೆ. ಲೆಕ್ಕವೆಲ್ಲ ಕೊನೆಗೆ ಒಟ್ಟಿಗೆ. ಹಾಗಿದ್ದರೆ ಎದ್ದು ಹೋಗುವ ಮುಂಚೆ ಟ್ಯಾಬ್ (ನಿಮ್ಮ ಹೆಸರಿನ ಲೆಕ್ಕ) ಕ್ಲೋಸ್ ಮಾಡಿಸಿ ಕಾರ್ಡ್ ಇಸಿದುಕೊಳ್ಳಿ. ಮರೆತು ಹೋದವರ ಬಿಲ್ಲಿಗೆ ತಾವೇ ಟಿಪ್ಸ್ ಸೇರಿಸಿ ಮುಗಿಸುವ ಬಾರುಗಳೂ ಇವೆ.