‘ಸಾಯುವಾಗ 35ರಿಂದ 40 ವರ್ಷ’ ಅಂತ ಮೂಳೆ ನೋಡಿ ಹೇಳಬಹುದಾ?

ಪ್ರಶ್ನೆ: ಮ್ಯೂಸಿಯಂ ಒಂದರಲ್ಲಿ ಹಳೆಯ ಅಸ್ಥಿಪಂಜರದ ಪಕ್ಕ ‘ಗಂಡಸು, ಸಾಯುವಾಗ 35ರಿಂದ 40 ವರ್ಷ’ ಎಂದು ಬರೆದಿತ್ತು. ಸಾವಿರಾರು ವರ್ಷ ಮಣ್ಣಲ್ಲಿದ್ದ ಮೂಳೆ ನೋಡಿ ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತಾರೆ? ಆಗಿನ ಕಾಲದಲ್ಲಿ 40 ದಾಟಿ ಯಾರೂ ಬದುಕುತ್ತಿರಲಿಲ್ಲವೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಮಕ್ಕಳ ಅಸ್ಥಿಪಂಜರವಾಗಿದ್ದರೆ ಇಷ್ಟು ಬಿಗಿಯಾದ ಲೆಕ್ಕ ನಂಬಬಹುದಿತ್ತು. ದೊಡ್ಡವರ ವಿಷಯದಲ್ಲಿ ಐದು ವರ್ಷದ ಅಂತರ ಅಂದರೆ ತೀರಾ ಧೈರ್ಯದ ಮಾತು.

ಮಕ್ಕಳ ಬೆಳವಣಿಗೆಗೆ ಒಂದು ವೇಳಾಪಟ್ಟಿ ಇದೆ. ಮೊದಲ ಶಾಶ್ವತ ದವಡೆ ಹಲ್ಲು ಸುಮಾರು 6ಕ್ಕೆ ಬರುತ್ತದೆ, ಎರಡನೆಯದು 12ರ ಆಸುಪಾಸು. ಹದಿಹರೆಯದಲ್ಲಿ ಕೈಕಾಲಿನ ಮೂಳೆಗಳ ತುದಿಗಳು ಒಂದೊಂದಾಗಿ ಬೆಸೆದುಕೊಳ್ಳುತ್ತವೆ. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಕೊರಳೆಲುಬಿನ ಎದೆ ಕಡೆಯ ತುದಿ. ಅದು ಇಪ್ಪತ್ತರ ದಶಕದ ಕೊನೆವರೆಗೂ ಎಳೆಯಬಹುದು. ಅಲ್ಲಿಗೆ ವೇಳಾಪಟ್ಟಿ ಮುಗಿಯಿತು. ಆಮೇಲೆ ನೋಡಲು ಉಳಿಯುವುದು ಸವೆತ. ಎಲ್ಲರೂ ಒಂದೇ ವೇಗದಲ್ಲಿ ಸವೆಯುವುದಿಲ್ಲ, ಅಲ್ವಾ?

ದೊಡ್ಡವರಲ್ಲಿ ಜಾಸ್ತಿ ನೋಡುವುದು ಸೊಂಟದ ಮುಂಭಾಗದಲ್ಲಿ ಎಡ, ಬಲ ಮೂಳೆಗಳು ಎದುರುಬದುರಾಗುವ ಜಾಗವನ್ನು. ಪ್ಯೂಬಿಕ್ ಸಿಂಫಿಸಿಸ್ ಎನ್ನುತ್ತಾರೆ. ಇಪ್ಪತ್ತರ ಆಸುಪಾಸಿನಲ್ಲಿ ಆ ಮುಖ ಉತ್ತ ಹೊಲದ ಹಾಗೆ ಸಾಲುಸಾಲಾಗಿರುತ್ತದೆ. ಬರಬರುತ್ತಾ ಸಾಲುಗಳು ಮಟ್ಟಸವಾಗುತ್ತವೆ, ಸುತ್ತ ಒಂದು ಅಂಚು ಕಟ್ಟುತ್ತದೆ. ಕೊನೆಗೆ ಆ ಅಂಚೂ ಮುರುಕಾಗಿ ಮೇಲ್ಮೈ ತೂತುತೂತಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಸೂಚಿ-ಬ್ರೂಕ್ಸ್ ವಿಧಾನದಲ್ಲಿ ಇದಕ್ಕೆ 6 ಹಂತಗಳಿವೆ. ಗಂಡಸರ ಮೊದಲ ಹಂತ 15ರಿಂದ 23 ವರ್ಷ. ಪರವಾಗಿಲ್ಲ. ಆರನೆಯ ಹಂತ? 34ರಿಂದ 86! ಆ ಮೂಳೆ ಮಗನದ್ದೂ ಆಗಬಹುದು, ಅವನ ತಾತನದ್ದೂ ಆಗಬಹುದು.

ಹಳೆಯ ಮೂಳೆಗಳ ನಿಜವಾದ ವಯಸ್ಸು ಗೊತ್ತಾಗುವ ಅವಕಾಶ ಅಪರೂಪ. ಅಂಥದೊಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಿಕ್ಕಿತು. 1984ರಿಂದ 1986ರವರೆಗೆ ಅಲ್ಲಿನ ಕ್ರೈಸ್ಟ್ ಚರ್ಚಿನ ನೆಲಮಾಳಿಗೆಯಿಂದ 18-19ನೇ ಶತಮಾನದ ಸಾವಿರದಷ್ಟು ಶವಗಳನ್ನು ಹೊರತೆಗೆದರು. ಅವುಗಳಲ್ಲಿ ಸುಮಾರು 390 ಪೆಟ್ಟಿಗೆಗಳ ಮೇಲೆ ಹೆಸರು, ವಯಸ್ಸು ಕೆತ್ತಿದ ಲೋಹದ ಫಲಕ ಉಳಿದಿತ್ತು. ತಜ್ಞರು ಮೂಳೆ ಮಾತ್ರ ನೋಡಿ ವಯಸ್ಸು ಹೇಳಿದರು, ಆಮೇಲೆ ಫಲಕದ ಜೊತೆ ತಾಳೆ ಹಾಕಿದರು. ಐದು ವರ್ಷದ ಆಚೀಚೆ ಸರಿಹೋಗಿದ್ದು 30% ಕೂಡ ಇರಲಿಲ್ಲ. ಹತ್ತು ವರ್ಷದ ವಿನಾಯಿತಿ ಕೊಟ್ಟರೂ ಅರ್ಧದಷ್ಟೇ. ಅದಕ್ಕಿಂತ ಮುಖ್ಯವಾದದ್ದು ತಪ್ಪಿನ ದಿಕ್ಕು. ನಲವತ್ತರೊಳಗಿನವರಿಗೆ ವಯಸ್ಸು ಜಾಸ್ತಿ ಹೇಳಿದ್ದರು, ಎಪ್ಪತ್ತು ದಾಟಿದವರಿಗೆ ಕಡಿಮೆ. ಹಾಗಾಗಿ ಎಲ್ಲರೂ ನಡುವಯಸ್ಸಿನಲ್ಲೇ ಸತ್ತಂತೆ ಕಾಣುತ್ತಿತ್ತು. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಮುದುಕರು ಇದ್ದರು, ಲೆಕ್ಕ ಹಾಕುವವರಿಗೆ ಕಾಣಲಿಲ್ಲ.

ಇನ್ನೊಂದು ತೊಡಕನ್ನು 1982ರಲ್ಲೇ ಬೊಕೆ-ಅಪೆಲ್ ಮತ್ತು ಮಾಸೆ ಎಂಬ ಫ್ರೆಂಚ್ ಸಂಶೋಧಕರು ಎತ್ತಿದ್ದರು. ವಯಸ್ಸು ಗೊತ್ತಿರುವ ಒಂದಿಷ್ಟು ಮೂಳೆಗಳನ್ನು ಮಾದರಿಯಾಗಿ ಇಟ್ಟುಕೊಂಡೇ ಹಳೆಯದನ್ನು ಅಳೆಯಬೇಕು. ಆ ಮಾದರಿಯಲ್ಲಿ ಯಾವ ವಯಸ್ಸಿನವರು ಜಾಸ್ತಿಯೋ, ಅಳೆದ ಪ್ರಾಚೀನ ಜನರೂ ಅದೇ ವಯಸ್ಸಿನ ಕಡೆಗೆ ವಾಲುತ್ತಾರೆ. ಇದರ ಮೇಲೆ ಆದ ಜಗಳ ಸಣ್ಣದಲ್ಲ. ಈಗ ಬಹಳ ಜನ ಒಂದೇ ಸಂಖ್ಯೆ ಹೇಳುವ ಬದಲು ಯಾವ ವಯಸ್ಸಿಗೆ ಎಷ್ಟು ಸಂಭವ ಅಂತ ಲೆಕ್ಕ ಹಾಕುತ್ತಾರೆ.

ನನಗೆ ಇಷ್ಟವಾದ ಉಪಾಯ ಹಲ್ಲಿನದು. ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಜೊತೆ ಮರಳಿನ ಪುಡಿಯೂ ಹೊಟ್ಟೆಗೆ ಹೋಗುತ್ತಿದ್ದ ಕಾಲದಲ್ಲಿ ಹಲ್ಲು ಬೇಗ ಸವೆಯುತ್ತಿತ್ತು. ಮೊದಲ ದವಡೆ ಹಲ್ಲು ಎರಡನೆಯದಕ್ಕಿಂತ ಆರು ವರ್ಷ ಮೊದಲೇ ಕೆಲಸಕ್ಕೆ ಇಳಿದಿರುತ್ತದೆ. ಎರಡರ ಸವೆತದಲ್ಲಿರುವ ವ್ಯತ್ಯಾಸವೇ ಆ ಊರಿನ ಆರು ವರ್ಷದ ಸವೆತ. ಮಕ್ಕಳ ದವಡೆಯಲ್ಲಿ ಇದನ್ನು ಅಳೆದುಕೊಂಡು ದೊಡ್ಡವರಿಗೆ ಹಚ್ಚಬಹುದು. 1963ರಲ್ಲಿ ಮೈಲ್ಸ್ ಎಂಬವರು ಇಂಗ್ಲೆಂಡಿನ ಆಂಗ್ಲೊ-ಸ್ಯಾಕ್ಸನ್ ಅಸ್ಥಿಪಂಜರಗಳಲ್ಲಿ ಹೀಗೆ ಮಾಡಿದರು. ಬೇರೆ ಕಾಲದ, ಬೇರೆ ಊಟದ ಜನರ ಮಾದರಿಯನ್ನು ಎರವಲು ತರುವ ಗೋಜೇ ಇಲ್ಲ. ಹಲ್ಲು ಉದುರಿಹೋಗಿದ್ದರೆ ಮಾತ್ರ ಕಥೆ ಮುಗಿಯಿತು.

‘ಆಗ ಸರಾಸರಿ ಆಯಸ್ಸು 30’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹುಟ್ಟಿದ ಹತ್ತು ಮಕ್ಕಳಲ್ಲಿ ನಾಲ್ಕು ಮೊದಲ ವರ್ಷವೇ ತೀರಿಕೊಂಡು, ಉಳಿದ ಆರು ಮಂದಿ 55ರವರೆಗೆ ಬದುಕಿದರು ಅಂದುಕೊಳ್ಳಿ. ಸರಾಸರಿ ಬರೀ 33! ಆದರೆ ಮೂವತ್ತಮೂರಕ್ಕೆ ಸತ್ತವರು ಒಬ್ಬರೂ ಇಲ್ಲ. ಆ ನಾಲ್ಕು ಕೂಸುಗಳ ಮೂಳೆ ಸಿಗುವುದೂ ಅನುಮಾನ. ಎಳೆ ಮೂಳೆ ಮಣ್ಣಲ್ಲಿ ಬೇಗ ಕರಗುತ್ತದೆ. ಜೊತೆಗೆ ಅವನ್ನು ಬೇರೆ ರೀತಿ, ಬೇರೆ ಕಡೆ ಹೂಳುವುದೂ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗ ನವಶಿಲಾಯುಗದವರು ಕೂಸುಗಳನ್ನು ಮಡಕೆಯಲ್ಲಿಟ್ಟು, ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದುದು ಕಂಡುಬಂತು. ಈಗಲೂ ದೊಡ್ಡವರನ್ನು ಸುಡುವ ಎಷ್ಟೋ ಮನೆಗಳಲ್ಲಿ ಹಸುಗೂಸನ್ನು ಹೂಳುತ್ತಾರಲ್ಲ.

ನೀವು ನೋಡಿದ ಫಲಕವನ್ನು ‘ಬೆಳವಣಿಗೆ ಮುಗಿದ ಗಂಡಸು, ಬಹುಶಃ ನಡುವಯಸ್ಸು’ ಅಂತ ಓದಿಕೊಳ್ಳಿ. ಎಷ್ಟೋ ವರದಿಗಳಲ್ಲಿ ‘50ಕ್ಕಿಂತ ಹೆಚ್ಚು’ ಅಂತ ಸುಮ್ನೆ ಒಂದೇ ಗುಂಪು ಇರುತ್ತದೆ. 52ರವರೂ 85ರವರೂ ಅದರಲ್ಲೇ.