ಧರ್ಮಕ್ಕೆ ಸಿಗುವ ಮಾತ್ರೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಹೋಟೆಲಿನಲ್ಲಿ 22 ಹುಡುಗರು. ಮೈ ಬಿಸಿಯಾದರೆ ಸಾಕು, ಚರ್ಚಿನವರ ದವಾಖಾನೆಗೆ ಓಡುತ್ತಾರೆ. 20 ರೂಪಾಯಿ ಚೀಟಿ, ಮಾತ್ರೆ ಧರ್ಮಕ್ಕೆ. ಆದರೆ ಬಾಗಿಲು ತೆಗೆಯುವ ಮುಂಚೆ ಪ್ರಾರ್ಥನೆ ಮಾಡುತ್ತಾರೆ. ಇದರ ಹಿಂದೆ ಬೇರೆ ಉದ್ದೇಶ ಇರಬಹುದಾ? ಹುಡುಗರನ್ನು ತಡೆಯಲಾ?’

ತಡೆಯಬೇಡಿ. ಅನುಮಾನ ಇದ್ದರೆ ಒಂದು ದಿನ ನೀವೇ ಹೋಗಿ, ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಲ್ಲಿ. ತಡವಾಗಿ ಬಂದವನಿಗೂ ಅದೇ ಡಾಕ್ಟರು, ಅದೇ ಮಾತ್ರೆ ಸಿಕ್ಕರೆ ಪ್ರಾರ್ಥನೆ ಅದರ ಪಾಡಿಗಿರಲಿ ಬಿಡಿ. ನಮ್ಮ ಹೋಟೆಲುಗಳಲ್ಲೂ ಗಲ್ಲಾ ಮೇಲಿನ ದೇವರಿಗೆ ಊದುಬತ್ತಿ ಹಚ್ಚದೆ ಮೊದಲ ಕಾಫಿ ಹೊರಗೆ ಬರುವುದಿಲ್ಲ ಅಲ್ವಾ?

ಇಂಥದ್ದೇ ಒಂದು ದವಾಖಾನೆಯಲ್ಲಿ ನಾನು ಅರ್ಧ ದಿನ ಕೂತಿದ್ದೆ. ವಿಜಯಪುರ ಕಡೆಯ ಗಾರೆ ಕೆಲಸದವರೊಬ್ಬರು ಬಂದರು. ಸಕ್ಕರೆ ಕಾಯಿಲೆ. ತಿಂಗಳ ಹಿಂದೆ ಕೊಟ್ಟ ಮಾತ್ರೆಯಲ್ಲಿ ಅರ್ಧ ಹಾಗೇ ಉಳಿದಿತ್ತು. ಸಿಸ್ಟರ್ ಎಣಿಸಿ ನೋಡಿ ಯಾಕೆಂದು ಮರಾಠಿಯಲ್ಲಿ ಕೇಳಿದರು. ‘ದಿನಾ ಬಿಟ್ಟು ದಿನಾ ತಗೋತೀನ್ರಿ, ಮುಗದ್ರ ಮತ್ತ ಕೂಲಿ ಬಿಟ್ಟು ಬರಬೇಕಲ್ಲ’ ಎಂದರು. ನಾನೇ ಮರಾಠಿಯಲ್ಲಿ ತಿಳಿಸಿದೆ. ಸಿಸ್ಟರ್ ಬೈಯಲಿಲ್ಲ. ಎರಡು ತಿಂಗಳಿಗಾಗುವಷ್ಟು ಕಟ್ಟಿ, ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರು.

ದಾನದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಮಾತ್ರೆಯ ವಿಷಯದಲ್ಲಿ ಎಣಿಸಿ. ಮಾತ್ರೆ ಹಾಳೆಯ ಬೆನ್ನಿಗಿರುವ ಅವಧಿ ಮುಗಿಯುವ ತಾರೀಕು ನೋಡಿಯೇ ನುಂಗಲು ಹುಡುಗರಿಗೆ ಹೇಳಿ.

ಆಪರೇಷನ್ ಎಂದರೆ ಇಂಥ ದವಾಖಾನೆಯ ಕೈ ಮೀರಿದ್ದು. ಅದಕ್ಕೂ ದಾರಿ ಇದೆ. 2006ರ ಬಾಂಬೆ ಹೈಕೋರ್ಟ್ ಆದೇಶದಂತೆ ಮಹಾರಾಷ್ಟ್ರದ ಧರ್ಮಾದಾಯ (ಚಾರಿಟಬಲ್ ಟ್ರಸ್ಟಿನ) ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನು 10 ರಿಯಾಯಿತಿ ದರದಲ್ಲಿ ಕೊಡಬೇಕು. ಗಾಜಿನ ಗೋಡೆಯ ಎಷ್ಟೋ ದೊಡ್ಡ ಆಸ್ಪತ್ರೆಗಳೂ ಈ ಲೆಕ್ಕಕ್ಕೆ ಬರುತ್ತವೆ. ಆದರೆ ಪರಿಚಯದ ಅಡುಗೆಯವರೊಬ್ಬರನ್ನು ಅಂಥ ಒಂದು ಕಡೆ ಕರೆದುಕೊಂಡು ಹೋದಾಗ ಕೌಂಟರಿನಲ್ಲಿ ಮೊದಲು ಕೇಳಿದ್ದು ಡಿಪಾಸಿಟ್. ಆದಾಯದ ದಾಖಲೆ, ಸಿಸ್ಟರ್ ಬರೆದ ಚೀಟಿ ಎರಡನ್ನೂ ಹಿಡಿದು ಸೋಶಿಯಲ್ ವರ್ಕರ್ ಕೋಣೆಗೆ ಹೋದ ಮೇಲೆಯೇ ಹಾಸಿಗೆ ‘ಖಾಲಿ’ ಆಯಿತು.

ಇನ್ನು ನನ್ನದೊಂದು ಪ್ರಶ್ನೆ. 22 ಹುಡುಗರು ಎಂದಿರಿ. (ನಮ್ಮ ಹೋಟೆಲುಗಳಲ್ಲಿ ಐವತ್ತು ದಾಟಿದವರೂ ಹುಡುಗರೇ!) ಅಷ್ಟು ಜನ ಇರುವ ಹೋಟೆಲಿಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲ ಅದರಲ್ಲಿ ಬರುತ್ತಾರೆ. ಮಾಲೀಕರ ಪಾಲು ಶೇ 3.25, ಕೆಲಸದವರದು ಶೇ 0.75. ಸಂಬಳ 12,000 ಇದ್ದರೆ ನಿಮ್ಮ ಕೈಯಿಂದ ಹೋಗುವುದು 390 ರೂಪಾಯಿ. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. 22ರಲ್ಲಿ ಎಷ್ಟು ಜನರ ಹತ್ತಿರ ಆ ಕಾರ್ಡು ಇದೆ? ಪತ್ರದಲ್ಲಿ ನೀವು ಬರೆದಿಲ್ಲ. ಮುಂದಿನ ಸಲ ಬರೆಯಿರಿ, ಹೆಸರು ಹಾಕದೆ ಪ್ರಕಟಿಸುತ್ತೇವೆ.

– ಸಂ.