ಪ್ರಾಣಾಯಾಮ ಮತ್ತು ಪುಸ್ತಕದ ಬಲದಿಂದಲೇ ಸಿಗರೇಟು ಬಿಡಬಹುದೇ?

ಹನ್ನೊಂದು ವರ್ಷಗಳಿಂದ ದಿನಕ್ಕೆ ಹತ್ತು ಸಿಗರೇಟು ಸೇದುತ್ತಿರುವ ನೀವು, ನಿಕೋಟಿನ್ ಗಮ್ಮು-ಮಾತ್ರೆಗಳ ಗೊಡವೆಯಿಲ್ಲದೆ ಬರೀ ಪ್ರಾಣಾಯಾಮ ಮಾಡಿ, ಸಿಗರೇಟು ಬಿಡುವ ಬಗ್ಗೆ ಅಲೆನ್ ಕಾರ್ ಬರೆದ ಪುಸ್ತಕ ಓದಿ ಈ ಚಟದಿಂದ ಹೊರಬರಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ದಾವಣಗೆರೆಯಲ್ಲಿ ಬ್ಯಾಂಕ್ ನೌಕರ. ಹತ್ತೊಂಬತ್ತು ವರ್ಷ ಸೇದಿ, ಎರಡು ಸಲ ಬಿಟ್ಟು ಮತ್ತೆ ಹಿಡಿದು, ಮೂರನೆಯ ಸಲ ಬಿಟ್ಟವನು ಈಗ ಆರು ವರ್ಷದಿಂದ ಮುಟ್ಟಿಲ್ಲ. ನೀವು ಹೇಳಿದ ಎರಡನ್ನೂ ಬಳಸಿದ್ದೇನೆ, ಎರಡರಿಂದಲೂ ಉಪಕಾರವಾಗಿದೆ. ಆದರೆ ಅವು ಮಾಡುವ ಕೆಲಸ ನಾನು ಮೊದಲು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಮತ್ತು ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಇದು ತಿಳಿಯದೆ ಎರಡು ಸಲ ಸೋತೆ.

ಮೊದಲು ಉಸಿರಿನ ವಿಷಯ. ಒಂದು ದಮ್ಮು ಎಳೆದರೆ ನಿಕೋಟಿನ್ ಮಿದುಳನ್ನು ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 2 ಗಂಟೆ. ಹೀಗೆ ಏರುತ್ತ ಇಳಿಯುತ್ತ ಸೇದುವವನ ದಿನ ಕಳೆಯುತ್ತದೆ, ಇಳಿದಾಗಲೆಲ್ಲ ತಲಬು ಹತ್ತುತ್ತದೆ. ಬಿಟ್ಟ ಮೇಲೆ ಮೊದಲ ಎರಡು-ಮೂರು ದಿನ ಚಡಪಡಿಕೆ, ಸಿಡುಕು, ನಿದ್ದೆಗೇಡುಗಳು ಜೋರಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಅವುಗಳ ಬಹುಪಾಲು ಇಳಿದುಹೋಗುತ್ತದೆ. ಇದರ ನಡುವೆ ಏಳುವ ಒಂದೊಂದು ತಲಬೂ ಗಂಟೆಗಟ್ಟಲೆ ಕಾಡುವುದಿಲ್ಲ; ಕೆಲವೇ ನಿಮಿಷಗಳಲ್ಲಿ ಏರಿ, ತಾನಾಗಿಯೇ ಇಳಿಯುತ್ತದೆ. ಉಸಿರಾಟದ ಅಭ್ಯಾಸದಿಂದ ಪ್ರಯೋಜನವಾಗುವುದು ಆ ಕೆಲವು ನಿಮಿಷಗಳಲ್ಲಿ ಮಾತ್ರ. ಮೈಗೆ ನಿಕೋಟಿನ್ ಸಿಗದೆ ಆಗುವ ಸಂಕಟವನ್ನು ಅದು ನೀಗಿಸುವುದಿಲ್ಲ, ಆ ಸಂಕಟ ದಾಟಿಹೋಗುವವರೆಗೆ ಕೈಕಾಲನ್ನು ಹಿಡಿದಿಡುತ್ತದೆ.

ಮೂರನೆಯ ಸಲ ಬಿಟ್ಟಾಗ, ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಾಲುಗಳು ತಾವಾಗಿಯೇ ನಮ್ಮ ಶಾಖೆಯ ಹಿಂಬಾಗಿಲಿನ ಮೆಟ್ಟಿಲಿಗೆ ನಡೆದವು, ಕೈ ತಾನಾಗಿಯೇ ಎದೆಯ ಜೇಬಿಗೆ ಹೋಯಿತು. ಜೇಬಿನಲ್ಲಿದ್ದದ್ದು ಒಂದು ಪೆನ್ನು ಮತ್ತು ನಾಲ್ಕು ಏಲಕ್ಕಿ. ಜನರೇಟರಿನ ಪಕ್ಕದ ಆ ಮೆಟ್ಟಿಲ ಮೇಲೆ ಸುಮ್ಮನೆ ನಿಂತಿದ್ದಾಗ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ಸಿಗರೇಟು ಕೊಡುತ್ತಿದೆಯೆಂದು ನಾನು ನಂಬಿದ್ದ ಆರಾಮದಲ್ಲಿ ಒಂದು ಪಾಲು ಸಿಗರೇಟಿನದೇ ಅಲ್ಲ, ಕೌಂಟರಿನ ಗದ್ದಲದಿಂದ ಐದು ನಿಮಿಷ ದೂರ ಬಂದು, ಎದೆ ತುಂಬ ಎಳೆದು, ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುತ್ತಿದ್ದ ಉಸಿರಿನದು. ದಿನಕ್ಕೆ ಹದಿನೈದು ಸಲ ಹೊಗೆಯ ಜೊತೆಗೆ ಒಂದು ಬಗೆಯ ಪ್ರಾಣಾಯಾಮವನ್ನೂ ಮಾಡುತ್ತಿದ್ದೆ ಎನ್ನಬೇಕು. ಹಿಂದಿನ ಎರಡು ಸಲ ಸಿಗರೇಟಿನೊಂದಿಗೆ ಆ ಐದು ನಿಮಿಷದ ಬಿಡುವನ್ನೂ ಬಿಟ್ಟುಬಿಟ್ಟಿದ್ದೆ. ಕುರ್ಚಿಗೆ ಅಂಟಿಕೊಂಡು ಹಲ್ಲು ಕಚ್ಚಿ ಕೂತಿದ್ದೆ. ಈ ಸಲ ಮೆಟ್ಟಿಲನ್ನೂ ಬಿಡುವನ್ನೂ ಉಳಿಸಿಕೊಂಡೆ.

ನಾನು ಮಾಡಿದ್ದು ಬಹಳ ಸರಳ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಎಳೆದುಕೊಳ್ಳುವುದು, ಎಂಟು ಎಣಿಸುವವರೆಗೆ ಬಿಡುವುದು. ಹತ್ತು ಸಲ ಮಾಡಿದರೆ ಎರಡು ನಿಮಿಷವಾಗುತ್ತದೆ. ಎಳೆಯುವಾಗ ಹೊಟ್ಟೆ ಉಬ್ಬಬೇಕು, ಭುಜ ಏಳಬಾರದು. ಎಂಟರವರೆಗೆ ಉಸಿರು ಸಾಲದಿದ್ದರೆ ಆರಕ್ಕೆ ನಿಲ್ಲಿಸಿ. ಹತ್ತೊಂಬತ್ತು ವರ್ಷ ಹೊಗೆ ಕುಡಿದ ನನ್ನ ಎದೆಗೆ ಮೊದಲ ವಾರ ಐದೇ ಹೆಚ್ಚಾಗಿತ್ತು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ಶರೀರದ ಸಹಜ ಧರ್ಮ, ಆದ್ದರಿಂದ ಬಿಡುವ ಉಸಿರು ಉದ್ದವಾಗಬೇಕು. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 34ನೆಯ ಸೂತ್ರ ಕೂಡ ಚಿತ್ತವನ್ನು ತಿಳಿಗೊಳಿಸುವ ಉಪಾಯವಾಗಿ ಮೊದಲು ಹೇಳುವುದು ಉಸಿರನ್ನು ಹೊರಬಿಡುವುದನ್ನೇ. ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ ಒಳ್ಳೆಯದೇ, ಆದರೆ ಕಚೇರಿಯ ಮೆಟ್ಟಿಲ ಮೇಲೆ ಮೂಗು ಹಿಡಿದು ನಿಂತರೆ ನೋಡಿದವರು ಏನೆಂದುಕೊಂಡಾರು? ಅದನ್ನು ಬೆಳಗಿನ ಮನೆಯ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ರಭಸದಿಂದ ಉಸಿರಾಡುವ ಭಸ್ತ್ರಿಕಾ, ಕಪಾಲಭಾತಿಗಳನ್ನು ಮಾತ್ರ ವೀಡಿಯೊ ನೋಡಿ ಶುರು ಮಾಡಬೇಡಿ. ಮೊದಲ ಪ್ರಯತ್ನದಲ್ಲಿ ನಾನು ಹಾಗೆ ಮಾಡಿ ತಲೆ ಸುತ್ತಿ ಗೋಡೆ ಹಿಡಿದುಕೊಂಡಿದ್ದೆ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರಿಗೆ ಅವು ತಕ್ಕವೂ ಅಲ್ಲ.

ತಲಬು ಏರಿರುವಾಗಲೇ ಮೊದಲ ಸಲ ಈ ಉಸಿರನ್ನು ಹುಡುಕಿದರೆ ಅದು ಒಲಿಯುವುದಿಲ್ಲ. ಬಿಡುವ ದಿನಕ್ಕೆ ಎರಡು ವಾರ ಮುಂಚೆಯೇ, ಪ್ರತಿಯೊಂದು ಸಿಗರೇಟು ಹಚ್ಚುವ ಮೊದಲು ಹತ್ತು ಉಸಿರು ಎಂಬ ನೇಮ ಹಾಕಿಕೊಂಡಿದ್ದೆ, ಆಮೇಲೆ ಬೇಕಿದ್ದರೆ ಸೇದಬಹುದು. ದಿನಕ್ಕೆ ಎರಡು-ಮೂರು ಸಿಗರೇಟು ಹಾಗೆಯೇ ಬಿದ್ದುಹೋದವು.

ಇಲ್ಲಿ ಕಾಫಿಯ ಮಾತೊಂದನ್ನು ಹೇಳಲೇಬೇಕು, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಬಿಟ್ಟಾಗ ಎಷ್ಟು ಉಸಿರು ಎಣಿಸಿದರೂ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಪ್ರಾಣಾಯಾಮ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸಿದ್ದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುತ್ತವೆ. ಹೊಗೆ ನಿಂತು ಕೆಲವು ದಿನಗಳಲ್ಲಿ ಆ ಚುರುಕು ಇಳಿದು, ಎಂದಿನಷ್ಟೇ ಕಾಫಿ ಕುಡಿದರೂ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಿಗರೇಟು ಬಿಟ್ಟದ್ದರ ಸಂಕಟ ಎಂದುಕೊಂಡಿದ್ದರಲ್ಲಿ ಅರ್ಧ ನನ್ನ ನಾಲ್ಕು ಲೋಟ ಫಿಲ್ಟರ್ ಕಾಫಿಯದಾಗಿದ್ದಿರಬೇಕು. ಮೂರನೆಯ ಸಲ ನಾಲ್ಕನ್ನು ಎರಡಕ್ಕೆ ಇಳಿಸಿದೆ, ನಿದ್ದೆ ಬಂತು.

ಇನ್ನು ಪುಸ್ತಕ. ಅಲೆನ್ ಕಾರ್ ಬ್ರಿಟನ್ನಿನ ಲೆಕ್ಕಿಗ. ತಾವೇ ವಿಪರೀತ ಸೇದುತ್ತಿದ್ದು, 1983ರಲ್ಲಿ ಬಿಟ್ಟು, 1985ರಲ್ಲಿ ಆ ಪುಸ್ತಕವನ್ನು ಹೊರತಂದರು. 2006ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಸಿಗರೇಟು ನೀಗಿಸುವುದು ಹಿಂದಿನ ಸಿಗರೇಟು ಹುಟ್ಟಿಸಿದ ಸಂಕಟವನ್ನೇ ಹೊರತು ಬೇರೇನನ್ನೂ ಅಲ್ಲ ಎಂಬುದು ಅವರ ವಾದದ ತಿರುಳು, ಅದು ನನಗೆ ಇಂದಿಗೂ ಸರಿಯೆನಿಸುತ್ತದೆ. ಓದಿ ಮುಗಿಸಿದ ರಾತ್ರಿ ನನಗೆ ಹುರುಪೋ ಹುರುಪು. ನಲವತ್ತೊಂದು ದಿನ ಮುಟ್ಟಲಿಲ್ಲ. ನಲವತ್ತೆರಡನೆಯ ದಿನ ಚಿಕ್ಕಪ್ಪನ ಮಗನ ಮದುವೆಯಲ್ಲಿ, ಊಟವಾದ ಮೇಲೆ, ಛತ್ರದ ಹಿಂದೆ 'ಒಂದೇ ಒಂದು' ಎಂದು ಹಚ್ಚಿದೆ. ವಾರ ಕಳೆಯುವುದರೊಳಗೆ ಪ್ಯಾಕು ಜೇಬಿಗೆ ಮರಳಿತ್ತು. ಪುಸ್ತಕ ತಪ್ಪು ಹೇಳಿರಲಿಲ್ಲ, ನಾನು ಅದನ್ನು ಮರೆತಿದ್ದೆ. ಓದಿನ ಹುರುಪಿಗೆ ಆಯುಸ್ಸು ಕಡಿಮೆ. ಆದ್ದರಿಂದ ಮೂರನೆಯ ಸಲ ಓದುವುದರ ಜೊತೆಗೆ ಬರೆದೆ: ಸಿಗರೇಟು ಹಚ್ಚಲು ನನಗೆ ನಾನೇ ಹೇಳಿಕೊಳ್ಳುವ ನೆಪಗಳನ್ನೆಲ್ಲ ಒಂದು ಹಾಳೆಯಲ್ಲಿ, ನಾನು ಹೇಳಿಕೊಳ್ಳುವ ಮಾತಿನಲ್ಲೇ. 'ಇವತ್ತು ಮ್ಯಾನೇಜರ್ ಬೈದರು.' 'ಮಳೆ ಬರ್ತಿದೆ.' 'ಮಿರ್ಚಿ ತಿಂದ ಮೇಲೆ ಒಂದಿಲ್ಲದಿದ್ರೆ ಹೇಗೆ?' ಆ ಹಾಳೆಯನ್ನು ಮಡಚಿ ಪ್ಯಾಕು ಇರುತ್ತಿದ್ದ ಜೇಬಿನಲ್ಲಿ ಏಲಕ್ಕಿಯ ಜೊತೆ ಇಟ್ಟುಕೊಂಡಿದ್ದೆ. ನೆಪ ತಲೆಗೆ ಬಂದಾಗ ಅದನ್ನೇ ನನ್ನ ಕೈಬರಹದಲ್ಲಿ ಓದಿದರೆ ನಗು ಬರುತ್ತಿತ್ತು.

ಆ ಪುಸ್ತಕದ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ, ನಿಮ್ಮ 'ಗಮ್ಮು ಬೇಡ' ಎಂಬ ಹಟ ಅಲ್ಲಿಂದಲೇ ಬಂದಿರಬಹುದೆಂದು ನನ್ನ ಊಹೆ. ಕಾರ್ ಅವರು ನಿಕೋಟಿನ್ ಗಮ್ಮಿನಂಥ ಬದಲಿಗಳನ್ನು ವಿರೋಧಿಸುತ್ತಿದ್ದರು. 2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗದಲ್ಲಿ, ಅವರ ಪದ್ಧತಿಯೂ ಸಲಹೆ-ಔಷಧಿ ಎರಡನ್ನೂ ಕೊಡುವ ಸರ್ಕಾರಿ ಸೇವೆಯೂ ಹೆಚ್ಚುಕಡಿಮೆ ಸಮನಾದ ಫಲ ಕೊಟ್ಟವು. ಆದರೆ ಅಲ್ಲಿ ಪರೀಕ್ಷಿಸಿದ್ದು ಜನರನ್ನು ಎದುರಿಗೆ ಕೂರಿಸಿಕೊಂಡು ನಡೆಸುವ ಶಿಬಿರವನ್ನು, ಪುಸ್ತಕವನ್ನಲ್ಲ. ಬರೀ ಓದಿನ ಸಾಮಗ್ರಿಯ ಬಗ್ಗೆ ನಡೆದ ಅಧ್ಯಯನಗಳ ಒಟ್ಟು ತೀರ್ಪು, ಯಾವ ನೆರವೂ ಇಲ್ಲದವರಿಗಿಂತ ಓದಿದವರು ತುಸು ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆ ಎಂಬಷ್ಟೇ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ನಿಮ್ಮ ಮೊದಲ ಸಿಗರೇಟು ಹತ್ತುತ್ತಿದ್ದರೆ ನಿಮ್ಮ ಮೈ ನಿಕೋಟಿನ್ನಿಗೆ ಗಟ್ಟಿಯಾಗಿ ಒಗ್ಗಿದೆ ಎಂದರ್ಥ. ಅಂಥವರು ವೈದ್ಯರನ್ನು ಕೇಳದೆ ಗಮ್ಮನ್ನಾಗಲಿ ಮಾತ್ರೆಯನ್ನಾಗಲಿ ತಳ್ಳಿಹಾಕಬಾರದು. ಮೂರನೆಯ ಸಲ ನಾನು 2 ಮಿಲಿಗ್ರಾಂ ಗಮ್ಮನ್ನು ಎರಡು ತಿಂಗಳು ಬಳಸಿದೆ. ಅದನ್ನು ಬಬಲ್ ಗಮ್ಮಿನಂತೆ ಅಗಿಯುತ್ತಲೇ ಇರಬಾರದು. ನಿಧಾನವಾಗಿ ಅಗಿದು ಬಾಯಿ ಚುರುಗುಟ್ಟಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಬೇಕು, ಇಲ್ಲದಿದ್ದರೆ ಬಿಕ್ಕಳಿಕೆ ಗ್ಯಾರಂಟಿ. ದುಡ್ಡು ಖರ್ಚಿಲ್ಲದ ನೆರವೂ ಇದೆ: ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ರಾಷ್ಟ್ರೀಯ ಸಹಾಯವಾಣಿ, ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಕೊನೆಯದಾಗಿ, ತಾರೀಖು ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಎರಡನೆಯ ಸಲ ನಾನು ಬಿಡಲು ಆರಿಸಿಕೊಂಡದ್ದು ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಕೊನೆಯ ವಾರ, ಬ್ಯಾಂಕಿನವನೊಬ್ಬ ಆರಿಸಿಕೊಳ್ಳಬಹುದಾದ ಅತ್ಯಂತ ಮೂರ್ಖ ವಾರ. ಮೂರನೆಯ ಸಲ ಎರಡನೇ ಶನಿವಾರದ ಹಿಂದಿನ ರಾತ್ರಿ ಕೊನೆಯದನ್ನು ಸೇದಿ, ಮೊದಲ ಎರಡು ದಿನಗಳ ಸಿಡುಕನ್ನು ಮನೆಯವರ ಪಾಲಿಗೆ ಬಿಟ್ಟೆ. ಅವರಿಗೆ ಮುಂಚೆಯೇ ಹೇಳಿಟ್ಟಿದ್ದರಿಂದ ಜಗಳವಾಗಲಿಲ್ಲ.